ಎಡಿನ್‌ಬರಾ ಕೋಟೆಗೆ ವೀಲ್‌ಚೇರ್‌ನಲ್ಲಿ ಹೋಗುವುದು ಹೇಗೆ

ಊರಿಂದ ಅಪ್ಪ ಅಮ್ಮ ಬ್ರಿಟನ್ನಿಗೆ ಬಂದಾಗ ಸ್ಕಾಟ್ಲೆಂಡ್ ಸುತ್ತಿಸೋಣ ಅಂತ ಎಲ್ಲರೂ ಪ್ಲ್ಯಾನ್ ಮಾಡುತ್ತೇವೆ. ಆಮೇಲೆ ಅಮ್ಮನ ಮಂಡಿ ನೋವು ನೆನಪಾಗಿ ಎಡಿನ್‌ಬರಾ ಕೋಟೆಯನ್ನು ಬಿಟ್ಟುಬಿಡುತ್ತೇವೆ. ದಯವಿಟ್ಟು ಬಿಡಬೇಡಿ. ನಮ್ಮಮ್ಮನನ್ನು ಕರೆದುಕೊಂಡು ಹೋಗಿ ಬಂದಿದ್ದೇನೆ, ಒಂದೆರಡು ವಿಷಯ ಗೊತ್ತಿದ್ದರೆ ಸಾಕು.

ಮೊದಲನೆಯದು, ಬಾಗಿಲಿನಿಂದ ತುದಿವರೆಗೆ ಕುರ್ಚಿ ತಳ್ಳಿಕೊಂಡು ಹೋಗುವ ಸಾಹಸ ಬೇಡ. ಕೋಟೆ ಇರುವುದು ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ. ದಾರಿ ಪೂರ್ತಿ ಏರು, ಅದೂ ಉಬ್ಬುತಗ್ಗಿನ ಕಲ್ಲುಹಾಸು. ಇದಕ್ಕೆಂದೇ ಕೋಟೆಯವರದ್ದೇ ಒಂದು ವ್ಯಾನ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಕೋಟೆಯ ಮೇಲ್ಭಾಗದ ಅಂಗಳ ಕ್ರೌನ್ ಸ್ಕ್ವೇರ್‌ವರೆಗೆ ಬಿಡುತ್ತದೆ. ಇದು ವೀಲ್‌ಚೇರ್‌ನವರಿಗೆ ಮಾತ್ರ ಅಲ್ಲ, ಏರು ಹತ್ತಲು ಆಗದವರಿಗೂ ಇದೆ. ನಮ್ಮಮ್ಮ "ನಾನೇನು ಕುರ್ಚೀಲಿ ಕೂರೋ ಅಷ್ಟು ಆಗಿಲ್ಲ" ಅಂತ ಹಟ ಹಿಡಿದಿದ್ದರು, ವ್ಯಾನ್ ಅಂದ ತಕ್ಷಣ ಒಪ್ಪಿಕೊಂಡರು. ಬಾಗಿಲ ಹತ್ತಿರದ ಸಿಬ್ಬಂದಿಯನ್ನು ಕೇಳಿ, ಅವರೇ ವ್ಯವಸ್ಥೆ ಮಾಡುತ್ತಾರೆ. ಒಂದು ಸಲಕ್ಕೆ ಕೆಲವರಷ್ಟೇ ಹಿಡಿಯುವುದರಿಂದ ಸ್ವಲ್ಪ ಕಾಯಬೇಕಾಗಬಹುದು. ಕೆಲವೊಮ್ಮೆ ವ್ಯಾನ್ ಓಡುವುದೇ ಇಲ್ಲ, ಅದಕ್ಕೇ ಹೊರಡುವ ದಿನ ಬೆಳಿಗ್ಗೆ ಒಂದು ಫೋನ್ ಮಾಡಿ.

ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ಸಮಯ ನೋಡಿ ತೆಗೆದುಕೊಳ್ಳಿ. ನೋಡಿಕೊಳ್ಳಲು ಜೊತೆಗೆ ಬರುವವರಿಗೆ ಟಿಕೆಟ್ ಉಚಿತ, ಬುಕ್ ಮಾಡುವಾಗಲೇ ಅದನ್ನೂ ಸೇರಿಸಿ.

ಕೋಟೆಗೆ ಬರುವುದಕ್ಕೆ ಟ್ಯಾಕ್ಸಿಯೇ ಒಳ್ಳೆಯದು. ವೇವರ್ಲಿ ರೈಲು ನಿಲ್ದಾಣ ತಗ್ಗಿನಲ್ಲಿದೆ, ನಕ್ಷೆಯಲ್ಲಿ ಹತ್ತಿರ ಅನ್ನಿಸಿದರೂ ಮೇಲೆ ಬರುವಷ್ಟರಲ್ಲಿ ತಳ್ಳುವವರ ಉಸಿರು ಕಟ್ಟುತ್ತದೆ. ಕಪ್ಪು ಟ್ಯಾಕ್ಸಿಗಳಲ್ಲಿ ರ‍್ಯಾಂಪ್ ಇರುತ್ತದೆ, ಕುರ್ಚಿ ಸಮೇತ ಹತ್ತಬಹುದು. ಆಗಸ್ಟ್‌ನಲ್ಲಿ ಮಾತ್ರ ಯೋಚನೆ ಮಾಡಿ. ಆಗ ಕೋಟೆ ಮುಂದಿನ ಮೈದಾನದಲ್ಲಿ ಟ್ಯಾಟೂ ಅನ್ನುವ ಮಿಲಿಟರಿ ಬ್ಯಾಂಡ್ ಉತ್ಸವ ನಡೆಯುತ್ತದೆ, ಊರು ತುಂಬಾ ಜನ.

ಕುರ್ಚಿ ಕೋಟೆಯಲ್ಲೂ ಎರವಲು ಸಿಗುತ್ತದೆ, ಆದರೆ ಇರುವುದು ಕೆಲವೇ. ನಿಮ್ಮದೇ ತರುವುದಾದರೆ ಹಿಂದಿನ ಚಕ್ರ ದೊಡ್ಡದಿರುವುದನ್ನು ತನ್ನಿ. ನಾಲ್ಕೂ ಚಿಕ್ಕ ಚಕ್ರದ ಮಡಿಸುವ ಕುರ್ಚಿ ಕಲ್ಲಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡು ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಕಲ್ಲು ಜಾಸ್ತಿ ಇರುವ ಕಡೆ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಮುಂದಿನ ಚಕ್ರ ಎತ್ತಿ, ದೊಡ್ಡ ಚಕ್ರದ ಮೇಲೆ ತಳ್ಳಿ. ಇಳಿಜಾರಿನಲ್ಲಿ ನೀವು ಕೆಳಗಡೆ ನಿಂತು ಕುರ್ಚಿಯನ್ನು ಹಿಮ್ಮುಖವಾಗಿ ನಿಧಾನಕ್ಕೆ ಇಳಿಸಿ. ಇಳಿಯುವುದು ಹತ್ತುವುದಕ್ಕಿಂತ ಅಪಾಯ, ಮಳೆ ಬಿದ್ದಿದ್ದರಂತೂ ಕಲ್ಲು ಜಾರುತ್ತದೆ. ಸಾಧ್ಯವಾದರೆ ಇಳಿಯುವುದಕ್ಕೂ ವ್ಯಾನ್ ಕೇಳಿ.

ಮೇಲೆ ವ್ಯಾನ್‌ನಿಂದ ಇಳಿದ ನಂತರ ಸುಲಭ. ಕ್ರೌನ್ ಸ್ಕ್ವೇರ್ ಸುತ್ತಲೇ ಗ್ರೇಟ್ ಹಾಲ್, ಯುದ್ಧ ಸ್ಮಾರಕ, ಅರಮನೆ ಎಲ್ಲ ಇವೆ. ಸ್ಕಾಟ್ಲೆಂಡಿನ ಕಿರೀಟ, ರಾಜದಂಡ, ಕತ್ತಿ ಇರುವುದೂ ಇಲ್ಲೇ, ಅರಮನೆ ಮಹಡಿಯಲ್ಲಿ. ಅಲ್ಲಿಗೆ ಲಿಫ್ಟ್ ಇದೆ, ಮೆಟ್ಟಿಲು ನೋಡಿ ವಾಪಸ್ ಬರಬೇಡಿ, ಸಿಬ್ಬಂದಿಗೆ ಹೇಳಿ. ಮೊದಲು ಇಲ್ಲೇ ಇದ್ದ, ರಾಜರ ಪಟ್ಟಾಭಿಷೇಕಕ್ಕೆ ಬಳಸುವ ಕಲ್ಲು ನೋಡಬೇಕು ಅಂತಿದ್ದರೆ ಅದು 2024ರಿಂದ ಪರ್ತ್ ಊರಿನ ಮ್ಯೂಸಿಯಂನಲ್ಲಿದೆ. 12ನೇ ಶತಮಾನದ ಸೇಂಟ್ ಮಾರ್ಗರೆಟ್ ಚಾಪೆಲ್ ತೀರಾ ಪುಟ್ಟದು, ಇಕ್ಕಟ್ಟು, ಕುರ್ಚಿಗೆ ಕಷ್ಟ. 70 ಮೆಟ್ಟಿಲಿನ ಲ್ಯಾಂಗ್ ಸ್ಟೇರ್ಸ್ ಕಡೆ ಹೋಗಲೇಬೇಡಿ.

ಇನ್ನೊಂದು ಮರೆಯಬಾರದ ವಿಷಯ. 1861ರಿಂದ ಇಲ್ಲಿ ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ತೋಪು ಹಾರಿಸುತ್ತಾರೆ, ಭಾನುವಾರ ಇಲ್ಲ. ನೋಡಲು ಚೆನ್ನಾಗಿರುತ್ತದೆ, ನಿಜ. ಆದರೆ ಆಟಿಸಂ ಇರುವ ಮಗು, ಮರೆವಿನ ಕಾಯಿಲೆಯ ಹಿರಿಯರು, ಕಿವಿಯಂತ್ರ ಹಾಕಿಕೊಂಡವರು ಜೊತೆಗಿದ್ದರೆ ಆ ಸದ್ದು ಎದೆ ನಡುಗಿಸುತ್ತದೆ. ಮೊದಲೇ ಹೇಳಿಟ್ಟಿರಿ, ಆ ಹೊತ್ತಿಗೆ ತೋಪು ಹಾರಿಸುವ ಮಿಲ್ಸ್ ಮೌಂಟ್ ಕಡೆ ಇರದೆ ಯಾವುದಾದರೂ ಕಟ್ಟಡದೊಳಗೆ ಇರಿ.

ಮೇಲೆ ಗಾಳಿ ವಿಪರೀತ, ಬೇಸಿಗೆಯಲ್ಲೂ. ನಡೆಯುವವರಿಗೆ ಮೈ ಬೆಚ್ಚಗಾಗುತ್ತದೆ, ಕೂತವರಿಗೆ ಆಗಲ್ಲ ಅಲ್ವಾ. ಕಾಲ ಮೇಲೆ ಹೊದಿಸಲು ಒಂದು ದಪ್ಪ ಶಾಲು ಬ್ಯಾಗಿನಲ್ಲಿ ಇಟ್ಟುಕೊಳ್ಳಿ.