ನನ್ನ ಸೊಂಟದ 14 ಡಿಗ್ರಿ

ಮೊದಲು ಗುರುತಿಸಿದ್ದು ನಮ್ಮ ಬೀದಿಯ ಟೈಲರ್. "ಮೇಡಂ, ಟಾಪ್ ಒಂದು ಕಡೆ ಮೇಲೆ ಏರುತ್ತೆ, ಬಲಗಡೆ ಅರ್ಧ ಇಂಚು ಜಾಸ್ತಿ ಬಿಟ್ಟಿದ್ದೀನಿ" ಅಂದರು. ಆಗ ನನಗೆ 61. ದಾವಣಗೆರೆಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾಗಿದ್ದೆ. ಬೆಳಿಗ್ಗೆ ಏಳುವಾಗ ಸೊಂಟ ಹಿಡಿದುಕೊಳ್ಳುತ್ತಿತ್ತು. ಎಕ್ಸ್‌ರೇ ಮಾಡಿಸಿದೆ. ರಿಪೋರ್ಟಿನಲ್ಲಿ ಮೈಲ್ಡ್ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಸ್ವಲ್ಪ ಡೊಂಕಾಗಿರುವುದು), ಡಿಜೆನರೇಟಿವ್ ಚೇಂಜಸ್ (ಸವೆತ), ಆಸ್ಟಿಯೋಫೈಟ್ಸ್ ಅಂತೆಲ್ಲ ಇತ್ತು. ಫಿಲ್ಮ್ ಕೊಟ್ಟವರು "ಮೂಳೆ ಸವೆದಿದೆ, ಇನ್ನು ಬಗ್ಗಲೇಬೇಡಿ" ಅಂದುಬಿಟ್ಟರು. ಆ ಒಂದು ಮಾತಿಗೆ ಎರಡು ತಿಂಗಳು ರಂಗೋಲಿ ಬಿಟ್ಟೆ, ವಾಕಿಂಗ್ ಬಿಟ್ಟೆ. ಸೊಂಟ ಇನ್ನೂ ಬಿಗಿಯಿತು. ನಿಮಗೆ ಹಾಗಾಗಬಾರದು.

ಮೊದಲು ಡೊಂಕಿನ ಕೋನ ನೋಡಿ. ನನಗೆ ಧೈರ್ಯ ಬಂದಿದ್ದೇ ಅಲ್ಲಿಂದ. ಎಕ್ಸ್‌ರೇಯನ್ನು ನಿಂತೇ ತೆಗೆಸಿರಬೇಕು. ಮಲಗಿದರೆ ಡೊಂಕು ಕಡಿಮೆ ಕಾಣುತ್ತದೆ. ಫಿಲ್ಮನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಡಿ. ಡೊಂಕಿನ ಮೇಲ್ತುದಿಯಲ್ಲಿ ಎಲ್ಲಕ್ಕಿಂತ ಜಾಸ್ತಿ ವಾಲಿರುವ ಬೆನ್ನುಮೂಳೆಯ ಮಣಿಯ ಮೇಲಂಚಿಗೆ ಒಂದು ಗೆರೆ. ಕೆಳತುದಿಯಲ್ಲಿ ಹಾಗೇ ವಾಲಿರುವ ಮಣಿಯ ಕೆಳಅಂಚಿಗೆ ಇನ್ನೊಂದು. ಎರಡೂ ಗೆರೆಗಳ ನಡುವಿನ ಕೋನವೇ ಕಾಬ್ ಆಂಗಲ್. ಅಮೆರಿಕದ ಮೂಳೆ ಡಾಕ್ಟರ್ ಜಾನ್ ಕಾಬ್ 1948ರಲ್ಲಿ ವಿವರಿಸಿದ ವಿಧಾನ ಇದು. ಮಕ್ಕಳ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ನೋಡಿದೆ: 14. ಡಾಕ್ಟರ್ ಅಳತೆಯೂ ಅಷ್ಟೇ ಬಂತು.

10 ಡಿಗ್ರಿ ದಾಟಿದರೆ ಮಾತ್ರ ಸ್ಕೋಲಿಯೋಸಿಸ್ ಅನ್ನುತ್ತಾರೆ. ಸುಮಾರು 25ರವರೆಗೆ ಮೈಲ್ಡ್. ನಮ್ಮ ವಯಸ್ಸಿನಲ್ಲಿ ಇಷ್ಟಕ್ಕೆ ಸಾಮಾನ್ಯವಾಗಿ ಬೆಲ್ಟೂ ಬೇಡ, ಆಪರೇಷನ್ನೂ ಬೇಡ. ಆದರೆ ಬೆಳೆಯುವ ಮಕ್ಕಳ ಲೆಕ್ಕ ಬೇರೆ. ಅವರಲ್ಲಿ ಸಣ್ಣ ಡೊಂಕೂ ಬೇಗ ಹೆಚ್ಚಾಗಬಹುದು, ಡಾಕ್ಟರ್ ಹೇಳಿದಷ್ಟು ತಿಂಗಳಿಗೊಮ್ಮೆ ತೋರಿಸಲೇಬೇಕು.

ಇನ್ನು ಆ ಸವೆತ. ಮಣಿಗಳ ನಡುವಿನ ಡಿಸ್ಕ್ ಚಿಕ್ಕ ವಯಸ್ಸಿನಲ್ಲಿ ನೀರು ತುಂಬಿಕೊಂಡ ಮೆತ್ತೆಯ ಹಾಗಿರುತ್ತದೆ. ವಯಸ್ಸಾದಂತೆ ನೀರು ಕಡಿಮೆಯಾಗಿ ತೆಳುವಾಗುತ್ತದೆ. ಒಂದು ಪಕ್ಕ ಜಾಸ್ತಿ ತೆಳುವಾದರೆ ಮೇಲಿನ ಮಣಿ ಆ ಕಡೆ ವಾಲುತ್ತದೆ. ನನ್ನ ಡೊಂಕು ಬಂದಿದ್ದು ಹಾಗೆ. ಆಸ್ಟಿಯೋಫೈಟ್ ಅಂದರೆ ಮಣಿಯ ಅಂಚಿನಲ್ಲಿ ಬೆಳೆದ ಮೂಳೆಯ ಚೂರು. ಇದೆಲ್ಲ ನೋವಿಲ್ಲದವರಲ್ಲೂ ಇರುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಬೆನ್ನುನೋವೇ ಇಲ್ಲದ 20ರ ಹರೆಯದವರಲ್ಲಿ 37 ಶೇಕಡಾ, 80ರವರಲ್ಲಿ 96 ಶೇಕಡಾ ಜನರಿಗೆ ಸ್ಕ್ಯಾನಿನಲ್ಲಿ ಡಿಸ್ಕ್ ಸವೆತ ಕಂಡಿತ್ತು. ಅಂದರೆ ರಿಪೋರ್ಟಿನ ಪದಗಳು ನಿಮ್ಮ ನೋವಿನ ಅಳತೆ ಅಲ್ಲ.

ಇನ್ನೊಂದು ಮಾತು. ನಾವು ಇದಕ್ಕೂ "ಮೂಳೆ ಸವೆತ" ಅನ್ನುತ್ತೇವೆ, ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್‌ಗೂ ಅದೇ ಹೆಸರು. ಎರಡೂ ಬೇರೆ ಬೇರೆ. ಕ್ಯಾಲ್ಸಿಯಂ ಮಾತ್ರೆಯಿಂದ ಡಿಸ್ಕ್ ಮತ್ತೆ ದಪ್ಪ ಆಗುವುದಿಲ್ಲ. ಮುಟ್ಟು ನಿಂತ ಹೆಂಗಸರು ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಬೇಕಾ ಅಂತ ಡಾಕ್ಟರನ್ನು ಕೇಳಿ.

ನಾನು ಮಾಡುವುದು ಇಷ್ಟು. ಎದ್ದ ತಕ್ಷಣ ಬಗ್ಗುವುದಿಲ್ಲ. ಮಲಗಿದಲ್ಲೇ ಒಂದೊಂದೇ ಮಂಡಿಯನ್ನು ಎದೆಗೆ ಎಳೆದುಕೊಳ್ಳುತ್ತೇನೆ. ಆಮೇಲೆ ಮಂಡಿ ಮಡಿಸಿ ಸೊಂಟ ಮೇಲೆತ್ತುವುದು, ಹತ್ತು ಸಲ. ಫಿಸಿಯೋ ಒಮ್ಮೆ ಎದುರಿಗೆ ನಿಂತು ತಿದ್ದಿದ್ದರಿಂದ ತುಂಬಾ ಉಪಯೋಗವಾಯಿತು. ಅರ್ಧ ಗಂಟೆ ನಡಿಗೆ. ನೀರಿನ ಕೊಡವನ್ನು ಒಂದೇ ಸೊಂಟಕ್ಕೆ ಏರಿಸುವುದನ್ನು ಬಿಟ್ಟಿದ್ದೇನೆ. ರಂಗೋಲಿಗೆ ಚಿಕ್ಕ ಮಣೆ ಹಾಕಿಕೊಂಡು ಕೂರುತ್ತೇನೆ. ನೋವಿನ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ದಿನಾ ನುಂಗಬೇಡಿ, ಕಿಡ್ನಿಗೆ ಪೆಟ್ಟು.

ಕೆಲವಕ್ಕೆ ಮಾತ್ರ ಕಾಯಲೇಬಾರದು. ಕಾಲಿನ ಶಕ್ತಿ ಕುಗ್ಗುವುದು, ಮೂತ್ರ ಕಟ್ಟುವುದು ಅಥವಾ ಮಲಮೂತ್ರ ಹಿಡಿತ ತಪ್ಪುವುದು, ತೊಡೆಸಂದು ಜೋಮು ಹಿಡಿಯುವುದು ಆದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಬೆನ್ನುನೋವು, ಬಿದ್ದ ಮೇಲೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುವುದೂ ಹಾಗೇ, ಬೇಗ ತೋರಿಸಿ. ನಡೆಯುವಾಗ ಕಾಲು ಭಾರವಾಗಿ, ಕೂತರೆ ಅಥವಾ ಮುಂದೆ ಬಾಗಿದರೆ ಹಗುರವಾದರೆ ನರದ ದಾರಿ ಕಿರಿದಾಗಿರಬಹುದು, ಅದನ್ನೂ ಹೇಳಿ.

ಹಳೆಯ ಫಿಲ್ಮ್ ಎಸೆಯಬೇಡಿ. ಹೋದ ವರ್ಷ ಮತ್ತೆ ತೆಗೆಸಿದಾಗ 16 ಬಂತು. ಅಳೆಯುವಾಗಲೇ ಸುಮಾರು 5 ಡಿಗ್ರಿ ಆಚೆ ಈಚೆ ಆಗುತ್ತದೆ, ಹಾಗಾಗಿ ಇದನ್ನು ಹೆಚ್ಚಾಯಿತು ಅನ್ನಲಾಗದು ಅಂತ ಡಾಕ್ಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು.