ತಾರಸಿ ಮೇಲೆ ಬಿಸಿಲಿನ ಸ್ಪೆಕ್ಟ್ರಮ್ ಅಳೆಯುವುದು ಹೇಗೆ

ಸೋಲಾರ್ ಸೆಲ್ ಮೇಲೆ ಪ್ರಾಜೆಕ್ಟ್ ಮಾಡುವ ನಮ್ಮ ಲ್ಯಾಬಿನ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟೇ: ಬಿಸಿಲು ಎಷ್ಟಿದೆ ಅಂತ ಗೊತ್ತಾದರೆ ಸಾಲದು, ಯಾವ ಬಣ್ಣದ ಬೆಳಕು ಎಷ್ಟಿದೆ ಅಂತ, ಅಂದರೆ ಬಿಸಿಲಿನ ಸ್ಪೆಕ್ಟ್ರಮ್, ಗೊತ್ತಾಗಬೇಕು. ಸಿಲಿಕಾನ್ ಸೆಲ್ ಸುಮಾರು 1100 ನ್ಯಾನೋಮೀಟರ್‌ ತರಂಗಾಂತರದವರೆಗಿನ ಬೆಳಕಿನಿಂದ ಕರೆಂಟ್ ತೆಗೆಯುತ್ತದೆ. ಇನ್ನೊಂದು ಬಗೆಯ ಸೆಲ್ ಆದ ಕ್ಯಾಡ್ಮಿಯಮ್ ಟೆಲ್ಯುರೈಡ್ 850ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ.

ಬೆಳಕನ್ನು ತರಂಗಾಂತರವಾಗಿ ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರ್‌ಗೆ ಬೆಳಕು ಸಾಗಿಸುವ ಫೈಬರ್ ಸಿಕ್ಕಿಸಿ, ತುದಿಗೆ ಕೊಸೈನ್ ಕರೆಕ್ಟರ್ ಹಾಕಿ. ಬೆಳಕನ್ನು ಚದುರಿಸುವ ಬಿಳಿ ಡಿಫ್ಯೂಸರ್ ಇರುವ ಪುಟ್ಟ ಮುಚ್ಚಳ ಅದು. ಇಲ್ಲದಿದ್ದರೆ ಫೈಬರ್‌ಗೆ ಆಕಾಶದ ಒಂದು ತುಣುಕು ಮಾತ್ರ ಕಾಣುತ್ತದೆ. ಡಿಫ್ಯೂಸರನ್ನು ಬೆರಳಿನಿಂದ ಮುಟ್ಟಲೇಬೇಡಿ. ಬೆಳಕು ಎಷ್ಟೆಂದು ಗೊತ್ತಿರುವ ಹ್ಯಾಲೋಜನ್ ದೀಪದ ಎದುರು ಕ್ಯಾಲಿಬ್ರೇಷನ್ (ಅಳತೆ ಸರಿಹೊಂದಿಸುವುದು) ಮಾಡುವಾಗಲೂ ಇದೇ ಫೈಬರ್, ಇದೇ ಮುಚ್ಚಳ ಇರಬೇಕು. ಒಂದನ್ನು ಬದಲಿಸಿದರೂ ಕ್ಯಾಲಿಬ್ರೇಷನ್ ಮತ್ತೆ ಮಾಡಿ.

ಮುಚ್ಚಳವನ್ನು ಪ್ಯಾನೆಲ್ ಎಷ್ಟು ವಾಲಿದೆಯೋ ಅಷ್ಟೇ ವಾಲಿಸಿ ಕಟ್ಟಿ. ಉಪಕರಣ ಮಾತ್ರ ನೆರಳಲ್ಲಿರಲಿ. ಬಿಸಿಯಾದರೆ ಡಾರ್ಕ್ ರೀಡಿಂಗ್, ಅಂದರೆ ಬೆಳಕೇ ಇಲ್ಲದಾಗಲೂ ಬರುವ ರೀಡಿಂಗ್, ಏರುತ್ತಾ ಹೋಗುತ್ತದೆ. ಅತಿ ಎತ್ತರದ ಶಿಖರ ಪೂರ್ಣ ಅಳತೆಯ 80-90 ಶೇಕಡಾ ಮುಟ್ಟುವಂತೆ ಇಂಟಿಗ್ರೇಷನ್ ಟೈಮ್ (ಒಂದು ರೀಡಿಂಗ್‌ಗೆ ಬೆಳಕು ಕೂಡಿಸಿಕೊಳ್ಳುವ ಸಮಯ) ಇಡಿ. ಅದೇ ಟೈಮಿನಲ್ಲಿ ಮುಚ್ಚಳವನ್ನು ಪೂರ್ತಿ ಮರೆಮಾಡಿ ಡಾರ್ಕ್ ತೆಗೆದು ಕಳೆಯಿರಿ. ಟೈಮ್ ಬದಲಾದರೆ ಡಾರ್ಕ್ ಕೂಡ ಹೊಸದು.

ಯಾವಾಗ ಅಳೆಯಬೇಕು? ಒಂದು ಮೀಟರ್ ಕೋಲು ನೆಟ್ಟಗೆ ನಿಲ್ಲಿಸಿ. ಸಮತಟ್ಟು ನೆಲದ ಮೇಲೆ ಅದರ ನೆರಳು 1.12 ಮೀಟರ್ ಆದಾಗ ಸೂರ್ಯ ದಿಗಂತದಿಂದ 42 ಡಿಗ್ರಿ ಎತ್ತರದ ಹತ್ತಿರ ಇರುತ್ತಾನೆ, ಅಂದರೆ ಏರ್ ಮಾಸ್ 1.5: ಸೂರ್ಯ ನೆತ್ತಿಯ ಮೇಲಿದ್ದಾಗಿನ ಒಂದೂವರೆ ಪಟ್ಟು ಗಾಳಿಯನ್ನು ಬೆಳಕು ದಾಟಿ ಬರುತ್ತದೆ. ಪ್ಯಾನೆಲ್‌ಗಳನ್ನು ಪರೀಕ್ಷಿಸಲು ಬಳಸುವ ಸ್ಟ್ಯಾಂಡರ್ಡ್ ಸ್ಪೆಕ್ಟ್ರಮ್ ಕೂಡ ಇದೇ ಏರ್ ಮಾಸ್‌ನದು, ಚದರ ಮೀಟರ್‌ಗೆ 1000 ವ್ಯಾಟ್. ಹೋಲಿಸುವುದು ಸುಲಭ, ಅಲ್ವಾ?

ಈಗ ಗ್ರಾಫ್ ನೋಡಿ. ನನಗೆ ತುಂಬಾ ಇಷ್ಟವಾದ ಭಾಗ ಇದು. 760 ನ್ಯಾನೋಮೀಟರ್ ಬಳಿ ಚೂಪಾದ ಕಚ್ಚು ಕಂಡರೆ ಅದು ಗಾಳಿಯ ಆಮ್ಲಜನಕ. 940ರ ಅಗಲವಾದ ಹಳ್ಳ ನೀರಾವಿಯದು. ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಆ ಹಳ್ಳ ಇನ್ನೂ ಆಳವಾಗುತ್ತದೆ. 656.3ರಲ್ಲಿ ಸೂರ್ಯನ ಹೈಡ್ರೋಜನ್ ಗೆರೆ ಇರಬೇಕು. ಅದು ಆಚೀಚೆ ಸರಿದಿದ್ದರೆ ತರಂಗಾಂತರದ ಕ್ಯಾಲಿಬ್ರೇಷನ್ ಜಾರಿದೆ ಅಂತ ಅರ್ಥ.

ಕೊನೆಗೆ ಎಲ್ಲ ತರಂಗಾಂತರಗಳ ಬೆಳಕನ್ನು ಕೂಡಿಸಿ, ಅಷ್ಟೇ ವಾಲಿಸಿ ಇಟ್ಟ ಪೈರನೋಮೀಟರ್ (1100ರ ಆಚೆಯ ಬೆಳಕನ್ನೂ ಸೇರಿಸಿ ಒಟ್ಟು ಬಿಸಿಲು ಅಳೆಯುವ ಉಪಕರಣ) ಜೊತೆ ಹೋಲಿಸಿ. 1100ಕ್ಕೆ ನಿಲ್ಲುವ ಸ್ಪೆಕ್ಟ್ರೋಮೀಟರ್‌ನ ಮೊತ್ತ ಸುಮಾರು ಐದನೇ ಒಂದು ಭಾಗ ಕಡಿಮೆ ಬರಬೇಕು. ಎರಡೂ ಸರಿಸಮ ಬಂದರೆ ಖುಷಿಪಡಬೇಡಿ, ಕ್ಯಾಲಿಬ್ರೇಷನ್ ಫೈಲ್ ತೆರೆದು ನೋಡಿ.