ಕೋಳಿಮನೆಯಲ್ಲಿ ವೈರಾಣು ರೋಗ ತಡೆ: ಸೋಂಕುನಾಶಕಕ್ಕಿಂತ ಮೊದಲು ಪೊರಕೆ

ಕೋಳಿಗಳಿಗೆ ತಗಲುವ ಸಾಂಕ್ರಾಮಿಕ ವೈರಾಣು ರೋಗಗಳನ್ನು ಗುಣಪಡಿಸುವ ಔಷಧಿ ಸಾಕಣೆದಾರರ ಕೈಯಲ್ಲಿಲ್ಲ. ಆಂಟಿಬಯೋಟಿಕ್‌ಗಳು ಆ ರೋಗಗಳ ಬೆನ್ನಿಗೆ ಬರುವ ಬ್ಯಾಕ್ಟೀರಿಯಾ ಸೋಂಕನ್ನು ತಗ್ಗಿಸಬಹುದೇ ಹೊರತು ವೈರಾಣುವನ್ನು ಮುಟ್ಟುವುದಿಲ್ಲ. ಆದ್ದರಿಂದ ರೋಗ ಒಳಗೆ ಬಾರದಂತೆ ನೋಡಿಕೊಳ್ಳುವುದು ಮತ್ತು ಬಂದುಹೋದ ಮೇಲೆ ಮುಂದಿನ ಕೋಳಿಗಳ ತಂಡಕ್ಕೆ ಅದು ಉಳಿಯದಂತೆ ಶೆಡ್ಡನ್ನು ಶುದ್ಧಗೊಳಿಸುವುದು, ಇವೆರಡೇ ನಮಗಿರುವ ದಾರಿ.

ಮೊದಲು ಯಾವ ವೈರಾಣುವಿನೊಂದಿಗೆ ವ್ಯವಹರಿಸುತ್ತಿದ್ದೇವೆ ಎಂಬುದನ್ನು ತಿಳಿಯಬೇಕು. ಕೊಕ್ಕರೆ ರೋಗ ಅಥವಾ ರಾಣಿಖೇತ್ ಎಂದು ಕರೆಯುವ ನ್ಯೂಕ್ಯಾಸಲ್ ರೋಗ, ಹಕ್ಕಿ ಜ್ವರ ಮತ್ತು ಉಸಿರುನಾಳಕ್ಕೆ ತಗಲುವ ಸಾಂಕ್ರಾಮಿಕ ಬ್ರಾಂಕೈಟಿಸ್ ರೋಗಗಳ ವೈರಾಣುಗಳಿಗೆ ಕೊಬ್ಬಿನ ಹೊರಕವಚವಿರುತ್ತದೆ. ಆ ಕವಚ ಸಾಬೂನಿಗೂ ಕರಗುವುದರಿಂದ ಬಹುತೇಕ ಎಲ್ಲ ಸೋಂಕುನಾಶಕಗಳಿಗೂ ಅವು ಬಗ್ಗುತ್ತವೆ. ಎಳೆಯ ಕೋಳಿಗಳ ರೋಗನಿರೋಧಕ ಶಕ್ತಿಯನ್ನು ಕುಂದಿಸುವ ಗಂಬೋರೊ ರೋಗದ ವೈರಾಣುವಿಗೆ ಈ ಕವಚವೇ ಇಲ್ಲ. ಅದು ಖಾಲಿ ಶೆಡ್ಡಿನಲ್ಲಿಯೂ 120 ದಿನಗಳವರೆಗೆ ಬದುಕಿರಬಲ್ಲದು, ಕ್ವಾಟರ್ನರಿ ಅಮೋನಿಯಂ ಮತ್ತು ಫೀನಾಲ್ ಮಾದರಿಯ ದ್ರಾವಣಗಳಿಗೆ ಸುಲಭವಾಗಿ ಜಗ್ಗುವುದಿಲ್ಲ. ಅದಕ್ಕೆ ಗ್ಲುಟರಾಲ್ಡಿಹೈಡ್, ಫಾರ್ಮಾಲಿನ್, ಕ್ಲೋರಿನ್ ಅಥವಾ ಪೆರಾಕ್ಸಿ ವರ್ಗದ ಸೋಂಕುನಾಶಕವೇ ಬೇಕು. ಕೋಳಿಗಳಲ್ಲಿ ಗಡ್ಡೆ ಮತ್ತು ಪಾರ್ಶ್ವವಾಯು ತರುವ ಮರೆಕ್ ರೋಗದ ವೈರಾಣು ಗರಿಯ ಬುಡದಿಂದ ಉದುರುವ ಹೊಟ್ಟಿನಲ್ಲಿ ಅಡಗಿ, ಧೂಳಿನೊಂದಿಗೆ ತಿಂಗಳುಗಟ್ಟಲೆ ಉಳಿಯುತ್ತದೆ.

ಇಷ್ಟೆಲ್ಲ ತಿಳಿದು ಸರಿಯಾದ ದ್ರಾವಣವನ್ನೇ ತಂದರೂ ಅನೇಕರ ಶ್ರಮ ವ್ಯರ್ಥವಾಗುವುದು ಹಿಕ್ಕೆಯ ಪದರದ ಮೇಲೆಯೇ ಅದನ್ನು ಸಿಂಪಡಿಸುವುದರಿಂದ. ಕೆಸರು ಮೆತ್ತಿದ ಬೂಟುಗಳನ್ನು ಒಂದೆರಡು ಸಲ ಅದ್ದಿ ತೆಗೆದ ಬ್ಲೀಚಿಂಗ್ ನೀರು ಬಕೆಟ್ಟಿನಲ್ಲಿ ಕಂದು ಬಣ್ಣಕ್ಕೆ ತಿರುಗಿ, ಮೂಗಿಗೆ ಬಡಿಯುತ್ತಿದ್ದ ಘಾಟನ್ನೂ ಕಳೆದುಕೊಂಡಿರುತ್ತದೆ. ಅದರಲ್ಲಿದ್ದ ಕ್ಲೋರಿನ್ ಕೊಳೆಯೊಂದಿಗೆ ಸೆಣಸಿಯೇ ಮುಗಿದುಹೋಗಿದೆ, ವೈರಾಣುವಿಗೆಂದು ಏನೂ ಉಳಿದಿಲ್ಲ. ಗೋಡೆ ಮತ್ತು ನೆಲದ ಮೇಲೂ ಆಗುವುದು ಇದೇ.

ಹಾಗಾಗಿ ತಂಡವನ್ನು ಹೊರಗೆ ಕಳಿಸಿದ ಮೇಲೆ ಮೊದಲು ಹಾಸನ್ನು, ಅಂದರೆ ನೆಲಕ್ಕೆ ಹರಡಿದ್ದ ಹೊಟ್ಟು ಮತ್ತು ಅದರಲ್ಲಿ ಸೇರಿದ ಹಿಕ್ಕೆಯನ್ನು, ಪೂರ್ತಿಯಾಗಿ ತೆಗೆಯಬೇಕು. ರೋಗ ಬಂದಿದ್ದ ಶೆಡ್ಡಾದರೆ ಹಾಸಿನ ಮೇಲೆ ಸೋಂಕುನಾಶಕವನ್ನು ಹಗುರವಾಗಿ ಸಿಂಪಡಿಸಿ ತೇವಗೊಳಿಸಿದ ನಂತರವೇ ಕೈ ಹಾಕಬೇಕು, ಇಲ್ಲವಾದರೆ ಎದ್ದ ಧೂಳು ಗಾಳಿಯೊಂದಿಗೆ ಪಕ್ಕದ ಶೆಡ್ಡಿಗೆ ಹೋಗುತ್ತದೆ. ತೆಗೆದ ಹಾಸನ್ನು ಬಯಲಿನಲ್ಲಿ ಹರಡದೆ ರಾಶಿ ಹಾಕಿ ಮುಚ್ಚಿಡಬೇಕು. ರಾಶಿಯ ಒಳಭಾಗ 55 ಡಿಗ್ರಿ ಸೆಲ್ಸಿಯಸ್ ದಾಟಿ ಹಲವು ದಿನ ಹಾಗೆಯೇ ನಿಂತರೆ ಆ ಬಿಸಿಯೇ ಹೆಚ್ಚಿನ ವೈರಾಣುಗಳನ್ನು ಕೊಲ್ಲುತ್ತದೆ. ನಂತರ ಮಾಡಿನಿಂದ ಆರಂಭಿಸಿ ಕೆಳಮುಖವಾಗಿ ಜೇಡರಬಲೆ, ಫ್ಯಾನಿನ ರೆಕ್ಕೆ, ಜಾಲರಿ, ಗೋಡೆಯ ಅಂಚುಗಳನ್ನು ಗುಡಿಸಿ ಕೆರೆಯಬೇಕು. ಮೇವಿನ ತಟ್ಟೆಗಳನ್ನು ತೂಗುಹಾಕುವ ಕೊಂಡಿಯ ಕೆಳಭಾಗ ಮತ್ತು ನೆಲ ಗೋಡೆಗೆ ಸೇರುವ ಮೂಲೆಗಳನ್ನು ಬೆರಳಿನಿಂದ ಮುಟ್ಟಿ ನೋಡುವುದು ಒಳ್ಳೆಯದು, ಕಣ್ಣಿಗೆ ಕಾಣದ ಗಟ್ಟಿ ಪದರ ಬೆರಳಿಗೆ ತಿಳಿಯುತ್ತದೆ.

ಆಮೇಲೆ ಸಾಬೂನು ಅಥವಾ ಡಿಟರ್ಜೆಂಟ್ ನೀರನ್ನು ಹಾಕಿ, ಕೊಳೆ ನೆನೆಯಲು ಸ್ವಲ್ಪ ಹೊತ್ತು ಬಿಟ್ಟು, ಉಜ್ಜಿ ತೊಳೆಯಬೇಕು. ಸಾಬೂನನ್ನು ಶುದ್ಧ ನೀರಿನಿಂದ ಪೂರ್ತಿ ತೆಗೆಯುವುದನ್ನು ಮರೆಯಬಾರದು, ಏಕೆಂದರೆ ಉಳಿದ ಸಾಬೂನು ಕ್ವಾಟರ್ನರಿ ಅಮೋನಿಯಂ ದ್ರಾವಣಗಳ ಶಕ್ತಿಯನ್ನೇ ಕುಂದಿಸುತ್ತದೆ. ನೆಲ ಒಣಗಿದ ಮೇಲಷ್ಟೇ ಸೋಂಕುನಾಶಕ. ನಿಂತ ನೀರಿನ ಮೇಲೆ ಸಿಂಪಡಿಸಿದರೆ ದ್ರಾವಣ ತೆಳುವಾಗುತ್ತದೆ. ಶೇಕಡಾ 5ರ ಸೋಡಿಯಂ ಹೈಪೊಕ್ಲೋರೈಟ್ ಬಳಸುವವರು ಅದರ ಒಂದು ಭಾಗಕ್ಕೆ ಒಂಬತ್ತು ಭಾಗ ನೀರು ಬೆರೆಸಿದರೆ ಶೇಕಡಾ 0.5ರ ದ್ರಾವಣ ದೊರೆಯುತ್ತದೆ. ಸಿಂಪಡಿಸಿದ ಮೇಲ್ಮೈ ಕನಿಷ್ಠ 10 ನಿಮಿಷ ಒದ್ದೆಯಾಗಿಯೇ ಇರಬೇಕು. ಬಿಸಿಲಿನ ಹೊತ್ತಿನಲ್ಲಿ ಬೇಗ ಆರಿಹೋಗುವುದರಿಂದ ಮತ್ತೊಮ್ಮೆ ಹಾಯಿಸಬೇಕಾಗಬಹುದು. ಬೇರೆ ಸೋಂಕುನಾಶಕಗಳಿಗೆ ಡಬ್ಬಿಯ ಮೇಲಿನ ಪ್ರಮಾಣವೇ ಸರಿ. ಬ್ಲೀಚಿಂಗ್ ದ್ರಾವಣಕ್ಕೆ ಆಮ್ಲವನ್ನಾಗಲಿ ಅಮೋನಿಯಾವನ್ನಾಗಲಿ ಎಂದೂ ಬೆರೆಸಬಾರದು, ವಿಷಾನಿಲ ಹೊರಡುತ್ತದೆ. ಫಾರ್ಮಾಲಿನ್ ಹೊಗೆ ಹಾಕುವುದಂತೂ ತರಬೇತಿ ಪಡೆದವರ ಕೆಲಸ.

ನೀರಿನ ಪೈಪುಗಳ ಒಳಗೆ ಕಟ್ಟುವ ಲೋಳೆಯನ್ನೂ ತೊಳೆದು ಹೊರಹಾಕಿ, ಇಡೀ ಶೆಡ್ಡನ್ನು ಒಣಗಿಸಿ, ಎರಡು ವಾರವಾದರೂ ಖಾಲಿ ಬಿಡಬೇಕು. ಈ ಖಾಲಿ ಅವಧಿಯನ್ನು ಕತ್ತರಿಸುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ದಿನಗಳನ್ನು ಉಳಿಸಿದವರು ಮುಂದಿನ ತಂಡದಲ್ಲಿ ಮರಿಗಳನ್ನು ಕಳೆದುಕೊಳ್ಳುವ ಅಪಾಯವಿರುತ್ತದೆ.

ಇನ್ನು ಕೋಳಿಗಳಿರುವಾಗಿನ ಎಚ್ಚರಿಕೆ. ವೈರಾಣು ಬಹುಮಟ್ಟಿಗೆ ಮನುಷ್ಯರ ಕಾಲು, ಬಟ್ಟೆ, ಮೊಟ್ಟೆಯ ಟ್ರೇ ಮತ್ತು ವಾಹನದ ಚಕ್ರಗಳ ಮೇಲೆಯೇ ಪ್ರಯಾಣಿಸುತ್ತದೆ. ಬಾಗಿಲಿನ ಬಳಿ ಸೋಂಕುನಾಶಕದ ತೊಟ್ಟಿ ಇಟ್ಟರೆ ಬೂಟನ್ನು ಮೊದಲು ಬ್ರಷ್ಷಿನಿಂದ ತೊಳೆದೇ ಅದರಲ್ಲಿ ಇಳಿಯಬೇಕು, ನೀರನ್ನು ದಿನವೂ ಬದಲಿಸಬೇಕು. ನನ್ನ ಅಭಿಪ್ರಾಯದಲ್ಲಿ ತೊಟ್ಟಿಗಿಂತ ಪ್ರತಿ ಶೆಡ್ಡಿಗೂ ಬೇರೆಯೇ ಗಂಬೂಟು ಇಟ್ಟು ಹೊಸ್ತಿಲಲ್ಲಿ ಬದಲಿಸುವುದು ಹೆಚ್ಚು ನಂಬಿಕೆಗೆ ಯೋಗ್ಯ. ದಿನದ ಕೆಲಸವನ್ನು ಎಳೆಯ ಮರಿಗಳಿಂದ ಆರಂಭಿಸಿ ದೊಡ್ಡ ಕೋಳಿಗಳತ್ತ ಸಾಗಿ, ಕಾಯಿಲೆಯ ಕೋಳಿಗಳನ್ನು ಕೊನೆಗೆ ನೋಡಬೇಕು. ಹೊರಗಿನಿಂದ ತಂದ ಕೋಳಿಗಳನ್ನು 30 ದಿನ ಬೇರೆ ಇರಿಸಬೇಕು. ಕಾಡುಹಕ್ಕಿಗಳು ಮೇವು ಮುಟ್ಟದಂತೆ ಜಾಲರಿ, ಇಲಿಗಳಿಗೆ ತಡೆ, ಕೋಳಿ ಸಿಡುಬು ಹರಡುವ ಸೊಳ್ಳೆ ಬೆಳೆಯದಂತೆ ನಿಂತ ನೀರಿಲ್ಲದ ಅಂಗಳ, ಇವೂ ಇರಬೇಕು.

ಕೋಳಿಗಳು ಒಮ್ಮೆಲೇ ಮೇವು ಬಿಟ್ಟರೆ, ಮೊಟ್ಟೆ ಕುಸಿದರೆ ಅಥವಾ ಮೆದು ಚಿಪ್ಪಿನವಾದರೆ, ಕುತ್ತಿಗೆ ತಿರುಚಿಕೊಂಡರೆ, ಹಸಿರು ಭೇದಿಯಾದರೆ, ಜುಟ್ಟು ನೀಲಿಗಟ್ಟಿ ತಲೆ ಊದಿದರೆ, ಒಂದು ಕೋಳಿಯನ್ನೂ ಹೊರಗೆ ಮಾರದೆ, ಸತ್ತದ್ದನ್ನು ಕೊಯ್ದು ನೋಡದೆ, ಪಶುವೈದ್ಯರಿಗೆ ತಕ್ಷಣ ತಿಳಿಸಬೇಕು. ಹಕ್ಕಿ ಜ್ವರ ಮನುಷ್ಯರಿಗೂ ತಗಲಬಹುದು, ಕೊಕ್ಕರೆ ರೋಗ ಕಣ್ಣು ಕೆಂಪಾಗಿಸಬಹುದು. ಆದ್ದರಿಂದ ಕೈಗವಸು, ಮುಖಗವಸು, ಕನ್ನಡಕ ಧರಿಸಿಯೇ ಮುಟ್ಟಬೇಕು.

ಲಸಿಕೆಯ ವಿಷಯದಲ್ಲಿ ಒಂದು ವಿಚಿತ್ರ ತೊಡಕಿದೆ. ವೈರಾಣುವನ್ನು ಕೊಲ್ಲುವ ಕ್ಲೋರಿನ್ನೇ ಕುಡಿಯುವ ನೀರಿನಲ್ಲಿ ಕೊಡುವ ಜೀವಂತ ಲಸಿಕೆಯನ್ನೂ ಕೊಲ್ಲುತ್ತದೆ. ಲಸಿಕೆಗೆ 48 ಗಂಟೆ ಮೊದಲೇ ಕ್ಲೋರಿನ್ ಹಾಕುವುದನ್ನು ನಿಲ್ಲಿಸಿ, ನೀರಿನ ಪಾತ್ರೆಗಳನ್ನು ಸೋಂಕುನಾಶಕವಿಲ್ಲದೆ ಬರಿ ನೀರಿನಿಂದ ತೊಳೆದು, ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿಯನ್ನು ಬೆರೆಸಿ ಅರ್ಧ ಗಂಟೆಯ ನಂತರ ಲಸಿಕೆ ಸೇರಿಸಬೇಕು; ಆ ನೀರು ಎರಡು ಗಂಟೆಯೊಳಗೆ ಖಾಲಿಯಾಗಬೇಕು. ಖಾಲಿ ಸೀಸೆಗಳಲ್ಲಿ ಜೀವಂತ ವೈರಾಣು ಇನ್ನೂ ಅಂಟಿಕೊಂಡಿರುವುದರಿಂದ ಅವನ್ನು ಸೋಂಕುನಾಶಕದಲ್ಲಿ ಮುಳುಗಿಸಿಯೇ ಎಸೆಯಬೇಕು.